ಎಡಗಿವಿಯೊಳಗಿನ ಪೇಟಿ

ನಮ್ಮ ಕಂಪನಿಯಲ್ಲಿ ಹಾರ್ಮೋನಿಯಂ ಬಾರಿಸುವ ಇಮಾಮಸಾಬ ಮಾಸ್ತರರ ಪೇಟಿಯನ್ನು ನಾನು ಮೂರು ಸಲ ಬಿಚ್ಚಿಸಿದೆ. ತಪ್ಪು ಪೇಟಿಯದಾಗಿರಲಿಲ್ಲ. ಅದು ಗೊತ್ತಾಗುವ ಹೊತ್ತಿಗೆ ಒಂದು ವರ್ಷ ಕಳೆದಿತ್ತು, ಮಾಸ್ತರರ ಜೊತೆ ಮಾತು ಬಿಟ್ಟು ಎರಡು ತಿಂಗಳಾಗಿತ್ತು, ನನ್ನ ತಲೆಯೊಳಗೆ ನೆಲ್ಲಿಕಾಯಿ ಗಾತ್ರದ ಗಡ್ಡೆ ಬೆಳೆದು ಕೂತಿತ್ತು.

ನಾನು ನಾಟಕ ಕಂಪನಿಯವಳು. ಹದಿನೇಳಕ್ಕೆ ಬಣ್ಣ ಹಚ್ಚಿದೆ. ಮೊದಲು ನಾಯಕಿ, ಆಮೇಲೆ ಅತ್ತಿಗೆ, ಈಗ ತಾಯಿ. ಕಂಪನಿಯಲ್ಲಿ ಹೆಣ್ಣಿಗೆ ಸಿಗುವ ಬಡ್ತಿ ಇಷ್ಟೇ. ಆದರೆ ಪಾತ್ರ ಯಾವುದೇ ಇರಲಿ, ನನ್ನನ್ನು ಇಟ್ಟುಕೊಂಡದ್ದು ಹಾಡಿಗೆ. ಗಿರಿಜಾಬಾಯಿಯ ಹಾಡಿದೆ ಎಂದರೆ ಜನ ಚಹಾ ಕುಡಿಯಲು ಎದ್ದು ಹೋಗುತ್ತಿರಲಿಲ್ಲ, ಇದು ನಾನು ಹೇಳಿಕೊಳ್ಳುವ ಮಾತಲ್ಲ, ಚಹಾ ಮಾರುವವನೇ ಬಂದು ಬೈದು ಹೋದದ್ದುಂಟು. ನಮ್ಮ ಮನೆಯವರು ಈರಪ್ಪ ಅದೇ ಕಂಪನಿಯಲ್ಲಿ ಪರದೆ ಎಳೆಯುವವರು. ಮಾತು ಬಹಳ ಕಡಿಮೆ. ಮದುವೆಯಾದ ಹೊಸದರಲ್ಲಿ ಒಮ್ಮೆ ಜಗಳವಾಗಿ, ನನ್ನ ಹಾಡು ಮುಗಿಯುವ ಮೊದಲೇ ಪರದೆ ಬಿಟ್ಟಿದ್ದರು. ಅವರು ನನಗೆ ಕೊಟ್ಟ ಅತಿ ದೊಡ್ಡ ಬೈಗುಳ ಅದು.

ಮೊದಲ ಸಲ ಆ ಸ್ವರ ಕೇಳಿದ್ದು ಹುಬ್ಬಳ್ಳಿಯ ಕ್ಯಾಂಪಿನಲ್ಲಿ, ಒಂದು ಭಾನುವಾರ, ಮಧ್ಯಾಹ್ನದ ಆಟಕ್ಕೆ ಮುಂಚೆ. ಮಾಸ್ತರರ ಪೇಟಿ ಕಾಲಿನಿಂದ ಗಾಳಿ ತುಂಬುವ ದೊಡ್ಡ ಹಾರ್ಮೋನಿಯಂ. ಅದರ ಬೆರಳಿಡುವ ಪಟ್ಟಿಯ ಕೆಳಗಿನ ಮುಚ್ಚಳಕ್ಕೆ ಕಸ ಸಿಕ್ಕರೆ, ಬೆರಳು ತೆಗೆದರೂ ಆ ಸ್ವರ ಸಣ್ಣಗೆ ಕೂಗುತ್ತಲೇ ಇರುತ್ತದೆ. ನನಗೆ ಕೇಳಿದ್ದು ಅಂಥದೇ ಕೂಗು.

"ಮಾಸ್ತರ್ರ, ನಿಮ್ಮ ಪೇಟಿ ಕೂಗಾಕತ್ತೈತಿ ನೋಡ್ರಿ," ಎಂದೆ.

"ಯಾವ ಪಟ್ಟಿ ಗಿರಿಜವ್ವಾ?"

"ಕರಿ ನಾಲ್ಕರ ಕೆಳಗ. ಒಂದೇ ಸಮ ಊಂ ಅಂತೈತಿ."

ಅವರು ಕಾಲಿನಿಂದ ಗಾಳಿ ತುಂಬಿ, ಕೈ ಮೇಲಕ್ಕೆತ್ತಿ, ಪೇಟಿಗೆ ಕಿವಿ ಹಚ್ಚಿ ಕೂತರು. "ನನಗೇನೂ ಕೇಳವಲ್ದವಾ."

"ನಿಮಗ ವಯಸ್ಸಾತು, ಹಂಗಾಗಿ ಕೇಳವಲ್ದು."

ಎಪ್ಪತ್ತು ದಾಟಿದ, ನನಗೆ ಸಾ ಹೇಳಿಕೊಟ್ಟ ಮನುಷ್ಯನಿಗೆ ನಾನು ಅಂದ ಮಾತು ಇದು. ಅವರು ಪೇಟಿ ಬಿಚ್ಚಿದರು. ಸ್ವರ ಹೊರಡಿಸುವ ಹಿತ್ತಾಳೆಯ ಒಂದೊಂದು ನಾಲಿಗೆಯನ್ನೂ ಒರೆಸಿದರು. ಸ್ವರ ಹೋಗಲಿಲ್ಲ. ಮುಂದಿನ ವಾರ ಮತ್ತೆ ಬಿಚ್ಚಿಸಿದೆ. ಮೂರನೆಯ ಸಲ ಮುಚ್ಚಳಗಳ ಚರ್ಮವನ್ನೆಲ್ಲ ಕಿತ್ತು ಹೊಸದು ಅಂಟಿಸಿದರು. ಅವತ್ತು ಮನೆಗೆ ಬಂದು ರೊಟ್ಟಿ ಬಡಿಯಲು ಕೂತೆ. ಪೇಟಿ ಇದ್ದದ್ದು ಟೆಂಟಿನಲ್ಲಿ, ಸ್ವರ ಮಾತ್ರ ಗೋಪನಕೊಪ್ಪದ ನನ್ನ ಅಡುಗೆಮನೆಯಲ್ಲಿತ್ತು.

ಆಗಲಾದರೂ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಪಕ್ಕದ ಮನೆಯವರ ನೀರಿನ ಮೋಟಾರು ಕೂಗುತ್ತಿದೆ ಎಂದು ಅವರ ಬಾಗಿಲಿಗೆ ಹೋಗಿ ಜಗಳ ತೆಗೆದೆ. ಆ ಹೆಣ್ಣುಮಗಳು ನನ್ನ ಕೈ ಹಿಡಿದು ಕರೆದೊಯ್ದು ತೋರಿಸಿದಳು: ಮೋಟಾರು ಸುಟ್ಟು ನಾಲ್ಕು ದಿನವಾಗಿತ್ತು.

ಹಾಡು ಕೆಡತೊಡಗಿತು. ನನ್ನ ಪಟ್ಟಿ ಕರಿ ನಾಲ್ಕು, ಅಂದರೆ ಪೇಟಿಯ ನಾಲ್ಕನೆಯ ಕರಿ ಪಟ್ಟಿಯೇ ನನ್ನ ಸಾ. ಕಿವಿಯೊಳಗಿನ ಸ್ವರ ಅದಕ್ಕಿಂತ ಒಂದಿಷ್ಟು ಕೆಳಗೆ. ಅದು ನನ್ನನ್ನು ಕೆಳಗೆ ಎಳೆಯುತ್ತಿತ್ತು, ನನಗೆ ಗೊತ್ತಾಗುತ್ತಿರಲಿಲ್ಲ. ಒಂದು ದಿನ ಮಾಸ್ತರರು ಬಣ್ಣದ ಕೋಣೆಗೆ ಬಂದು, ಉಳಿದವರಿಗೆ ಕೇಳದ ಹಾಗೆ, "ಗಿರಿಜವ್ವಾ, ಸುರ ಇಳಿಯಾಕತ್ತೈತಿ," ಎಂದರು.

"ನನ್ನ ಸುರ ಇಳದಿಲ್ರಿ. ನಿಮ್ಮ ಪೇಟಿ ಏರೇತಿ," ಎಂದು ನಾನು ಎಲ್ಲರಿಗೂ ಕೇಳುವ ಹಾಗೆ ಒದರಿದೆ. ಅಲ್ಲಿಗೆ ಮಾತು ನಿಂತಿತು.

ಕಡೆಗೆ ಕಂಡುಹಿಡಿದವಳು ಮಗಳು ಸುಧಾ. ಕನ್ನಡ ಸಾಲಿಯಲ್ಲಿ ಮಾಸ್ತರಿಕೆ ಮಾಡುವವಳು, ಹುಡುಗರ ಕಿವಿ ಹಿಂಡಿ ರೂಢಿ. ನಾನು ಫೋನನ್ನು ಎಡಗಿವಿಗೆ ಹಿಡಿದು "ಹಲೋ, ಹಲೋ, ಈ ಫೋನ್ ಸತ್ತೈತಿ," ಎನ್ನುತ್ತಿದ್ದಾಗ ಅವಳು ಅದನ್ನು ಕಸಿದು ಬಲಗಿವಿಗೆ ಹಚ್ಚಿದಳು. ಅತ್ತ ಕಡೆ ನನ್ನ ತಂಗಿ ಅರಚುತ್ತಿದ್ದಳು.

"ಅವ್ವಾ," ಎಂದಳು ಸುಧಾ, "ಫೋನ್ ಸತ್ತಿಲ್ಲ."

ದವಾಖಾನೆಯಲ್ಲಿ ಟೋಕನ್ ಹಿಡಿದು ಎರಡು ತಾಸು ಕೂತೆವು. ಸುಧಾ ಚೀಟಿ ಮಾಡಿಸಲು ಹೋದಾಗಲೇ ನನ್ನ ಹೆಸರು ಕರೆದಿದ್ದರಂತೆ. ನಾನು ಕೌಂಟರಿಗೆ ಎಡಗಡೆ ಮಾಡಿ ಕೂತಿದ್ದೆ. ನನ್ನ ಹಿಂದಿನವರೆಲ್ಲ ಒಳಗೆ ಹೋಗಿ ಬಂದ ಮೇಲೆ ಎದ್ದು ಹೋಗಿ ರಂಪ ಮಾಡಿದೆ. "ನಾಕ್ ಸರ್ತಿ ಕರದೇನ್ರಿ," ಎಂದ ಆ ಮನುಷ್ಯ. ಹಾಲ್ ಪೂರ್ತಿ ತಲೆಯಾಡಿಸಿತು, ಕರೆದಿದ್ದನೆಂದು. ಆಟದ ಎರಡನೆಯ ಬೆಲ್ಲಿಗೆ ತಯಾರಾಗಿ ನಿಲ್ಲುವ ನನಗೆ, ನನ್ನ ಹೆಸರೇ ಕೇಳದೆ ಹೋಗಿತ್ತು. ಆ ಕುರ್ಚಿಗೆ ವಾಪಸ್ ಬಂದು, ಈ ಸಲ ಬಲಗಿವಿಯನ್ನು ಕೌಂಟರಿನ ಕಡೆ ಮಾಡಿ ಕೂತೆ.

ಕಿವಿ ಪರೀಕ್ಷೆಗೆ ಒಂದು ಸಣ್ಣ ಕೋಣೆ, ದಪ್ಪ ಬಾಗಿಲು. ಕಿವಿಗೆ ಯಂತ್ರ ಹಾಕಿ, ಸದ್ದು ಕೇಳಿದಾಗ ಕೈ ಎತ್ತಬೇಕೆಂದು ಹೇಳಿದರು. ನಾನು ಕೂತ ಕೂಡಲೇ ಕೈ ಎತ್ತಿದೆ. ಗಾಜಿನಾಚೆಯ ಹುಡುಗಿ ಬಾಗಿಲು ತೆರೆದು ಒಳಗೆ ಬಂದಳು.

"ಅಕ್ಕಾರ, ನಾ ಇನ್ನೂ ಸೌಂಡ್ ಬಿಟ್ಟಿಲ್ರಿ."

"ಮತ್ತ ಇದ್ಯಾರ್ದು?"

ಅವಳು ನನ್ನ ಹೆಗಲ ಮೇಲೆ ಒಮ್ಮೆ ಕೈಯಿಟ್ಟು, ಮತ್ತೆ ಮೊದಲಿನಿಂದ ಶುರುಮಾಡಿದಳು. ಆಕೆಗೆ ಸುಧಾಳಷ್ಟೇ ವಯಸ್ಸು ಇದ್ದೀತು.

ಸ್ಕ್ಯಾನ್ ಆಯಿತು. ಮೆದುಳಿನ ಡಾಕ್ಟರರು ಮೆಲ್ಲಗೆ ಮಾತಾಡುವವರು. ನನ್ನ ಬಲಕ್ಕೆ ಬಂದು ಕೂತು ಹೇಳಿದರು. ಕಿವಿಯ ನರದ ಮೇಲೆ ಗಡ್ಡೆ. ಕ್ಯಾನ್ಸರ್ ಅಲ್ಲ. ಆದರೆ ಬಿಟ್ಟರೆ ಬೆಳೆದು ಮೆದುಳನ್ನು ಒತ್ತುತ್ತದೆ. ತೆಗೆದರೆ ಆ ಕಿವಿಯಲ್ಲಿ ಉಳಿದಷ್ಟೂ ಹೋಗುತ್ತದೆ. ಮುಖದ ನರ ಅದಕ್ಕೇ ಅಂಟಿಕೊಂಡಿದೆ, ಅದನ್ನು ಉಳಿಸಲು ನೋಡುತ್ತೇವೆ, ಮಾತು ಕೊಡಲಾರೆವು.

"ಕಿವಿ ಹ್ವಾದ್ರ ಆ ಸ್ವರಾನೂ ಹೋಗತೈತೇನ್ರಿ?" ಎಂದು ಕೇಳಿದೆ.

"ಹೋಗಬಹುದ್ರಿ ಬಾಯಾರ. ಖರೇ ಹೇಳಬೇಕಂದ್ರ, ಹೇಳಾಕ ಬರೂದಿಲ್ಲ."

"ಹೋಗಬಹುದು" ಎಂಬುದನ್ನಷ್ಟೇ ನಾನು ಸೆರಗಿಗೆ ಕಟ್ಟಿಕೊಂಡೆ. ಕಿವಿ ಕೊಟ್ಟು ಮೌನ ತೆಗೆದುಕೊಳ್ಳುವ ವ್ಯಾಪಾರ ನನಗೆ ಒಪ್ಪಿಗೆಯಾಗಿತ್ತು. ಒಂದು ಕಿವಿ ಸಾಕು ಹಾಡಲು, ಸ್ವರವೊಂದು ತೊಲಗಲಿ.

ನಮ್ಮ ಮನೆಯವರು ಅಷ್ಟೊತ್ತು ಗೋಡೆ ನೋಡುತ್ತ ನಿಂತಿದ್ದವರು ಹೊರಡುವಾಗ ಒಂದೇ ಮಾತು ಕೇಳಿದರು: "ಇಕಿ ನಗತಾಳಲ್ರಿ, ಆಮ್ಯಾಲ?" ಡಾಕ್ಟರರು ಅವರ ಮುಖ ನೋಡಿದರು. "ಪ್ರಯತ್ನ ಮಾಡ್ತೇವಿ ಯಜಮಾನ್ರ," ಎಂದರು. ಇಪ್ಪತ್ತೈದು ವರ್ಷ ಈ ಮನುಷ್ಯ ನನ್ನ ನಗು ಗಮನಿಸಿದ್ದಾನೆಂದೇ ನನಗೆ ಗೊತ್ತಿರಲಿಲ್ಲ.

ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ಕಿವಿಯ ಹಿಂದಿನ ಕೂದಲು ಬೋಳಿಸಿದರು. ಬಲಗಿವಿಯನ್ನು ದಿಂಬಿಗೆ ಒತ್ತಿ, ಕಿಟಕಿಯ ಕಡೆ ಮುಖಮಾಡಿ ಮಲಗಿದೆ. ಹಾಗೆ ಮಲಗಿದರೆ ಯಾರ ಮಾತೂ ನನಗೆ ತಿಳಿಯುತ್ತಿರಲಿಲ್ಲ, ಸ್ವರವೇ ಮೇಲಾಗುತ್ತಿತ್ತು. ಆ ಹೊತ್ತಿಗೆ ಮಾಸ್ತರರು ಬಂದಿದ್ದರು. ನನ್ನ ಬೆನ್ನಿನ ಹಿಂದೆ ಸ್ಟೂಲಿನ ಮೇಲೆ ಕೂತು ಹತ್ತು ನಿಮಿಷ ನನ್ನೊಡನೆ ಮಾತಾಡಿದರಂತೆ. ನಾನು ಹೊರಳಲಿಲ್ಲ. ಇನ್ನೂ ಸಿಟ್ಟಿನಲ್ಲಿದ್ದಾಳೆ ಎಂದುಕೊಂಡು ಬಾಳೆಹಣ್ಣು ಇಟ್ಟು ಎದ್ದುಹೋದರು. ಸುಧಾ ಔಷಧ ತರಲು ಹೋದವಳು ಬಾಗಿಲಲ್ಲಿ ಅವರನ್ನು ಕಂಡಳು, ಕಣ್ಣು ಒರೆಸಿಕೊಳ್ಳುತ್ತಿದ್ದರು. ಏನು ಹೇಳಿದಿರಿ ಎಂದು ಆಮೇಲೆ ಮಾಸ್ತರರನ್ನು ಎಷ್ಟು ಸಲ ಕೇಳಿದ್ದೇನೋ. "ಏನಿಲ್ಲವಾ, ಸುಮ್ನ ಅದೂ ಇದೂ," ಎನ್ನುತ್ತಾರೆ. ಆ ಹತ್ತು ನಿಮಿಷ ನನಗೆ ಇವತ್ತಿಗೂ ಬೇಕು.

ಎಚ್ಚರವಾದಾಗ ಮೇಲಿನ ಛತ್ತು ತಿರುಗುತ್ತಿತ್ತು. ಬಾಯಿ ಒಣಗಿತ್ತು, ತಲೆಗೆ ಪಟ್ಟಿ. ನಾನು ಯಾರ ಹೆಸರೂ ಹಿಡಿದು ಕೂಗಲಿಲ್ಲ. ಮೊದಲು ಕೇಳಿಸಿಕೊಂಡೆ.

ಇತ್ತು.

ಮುಂಚೆ ಆ ಕಿವಿಯಲ್ಲಿ ಅಷ್ಟಿಷ್ಟು ಬಸ್ಸಿನ ಸದ್ದು, ಬಳೆಯ ಸದ್ದು ಬರುತ್ತಿತ್ತು, ಸ್ವರ ಅದರೊಳಗೆ ಮರೆಯಾಗಿರುತ್ತಿತ್ತು. ಈಗ ಆ ಕಡೆ ಎಲ್ಲವನ್ನೂ ತೆಗೆದುಹಾಕಿ ಅದೊಂದನ್ನೇ ಕೂರಿಸಿದ್ದರು. ನಾನು ಕಿವಿ ಕೊಟ್ಟಿದ್ದೆ, ಬದಲಿಗೆ ಏನೂ ಬಂದಿರಲಿಲ್ಲ. ಆ ದಿನ ನಾನು ಅತ್ತದ್ದು ನೋವಿಗೆ ಎಂದುಕೊಂಡು ನರ್ಸಬಾಯಿ ಸೂಜಿ ಚುಚ್ಚಿದಳು.

ಮುಖ ನೋಡಲು ಯಾರೂ ಕನ್ನಡಿ ಕೊಡಲಿಲ್ಲ. ಸ್ಟೀಲಿನ ತಾಟಿನಲ್ಲಿ ನೋಡಿಕೊಂಡೆ. ಎಡಗಡೆಯ ಗಲ್ಲ ಜೋತುಬಿದ್ದಿತ್ತು, ತುಟಿಯ ತುದಿ ಕೆಳಗೆ, ಕಣ್ಣು ಮುಚ್ಚಲು ಬಾರದ್ದಕ್ಕೆ ಅದರ ಮೇಲೆ ಪಟ್ಟಿ ಹಚ್ಚಿದ್ದರು. ಸಾರು ಕುಡಿದರೆ ಅರ್ಧ ಎದೆಯ ಮೇಲೆ. ಪಕ್ಕದ ಮಂಚದ ರೋಗಿಯನ್ನು ನೋಡಿಕೊಳ್ಳಲು ಹೆಬ್ಬಳ್ಳಿಯ ನೀಲವ್ವ ಎಂಬಾಕೆ ಇದ್ದಳು, ಅವಳ ಗಂಡನಿಗೆ ತಲೆಗೆ ಪೆಟ್ಟಾಗಿತ್ತು. ಮೊದಲ ದಿನವೇ ನನ್ನನ್ನು ಗುರುತು ಹಿಡಿದಿದ್ದಳು. ನನಗೆ ಊಟ ಬಂದ ಕೂಡಲೇ ಎದ್ದು ಬಂದು, ನನಗೆ ಬೆನ್ನು ಕೊಟ್ಟು, ಸೆರಗನ್ನು ಅಗಲಿಸಿ ಹಿಡಿದು ನಿಲ್ಲುತ್ತಿದ್ದಳು. ನನ್ನ ಬಾಯಿಂದ ಸೋರುವುದು ವಾರ್ಡಿಗೆ ಕಾಣಬಾರದೆಂದು. ಆರನೆಯ ದಿನ ಕೇಳಿದೆ, "ಯಾಕವ್ವಾ ಇಷ್ಟ ತ್ರಾಸ ತಗೋತಿ?"

"ನಿನ್ನ ನಾಟಕಾ ಭಾಳ ನೋಡೇನವಾ," ಎಂದಳು. "ನೀ ಪರದೆ ಹಿಂದ ಹ್ವಾದ ಮ್ಯಾಲ ನಾವ್ಯಾರೂ ಇಣಕಿ ನೋಡಿಲ್ಲ. ಈಗ್ಯಾಕ ನೋಡೂದು?"

ಅವಳ ಗಂಡ ಉಳಿದನೋ ಇಲ್ಲವೋ ನನಗೆ ತಿಳಿಯದು. ನನ್ನನ್ನು ಮೊದಲು ಮನೆಗೆ ಕಳಿಸಿದರು.

ಮನೆಯಲ್ಲಿ ನಡೆಯುವುದನ್ನು ಮತ್ತೆ ಕಲಿತೆ. ಗೋಡೆ ಹಿಡಿದು ಬಾಗಿಲು, ಸುಧಾಳ ತೋಳು ಹಿಡಿದು ಓಣಿ. ಎಡಕ್ಕೆ ವಾಲಿ ವಾಲಿ ಹೋಗುವ ನನ್ನನ್ನು ಕಂಡು ಕಟ್ಟೆಯ ಮೇಲಿನ ಒಬ್ಬ, "ನಾಟಕದವರ್ದೇನ್ ಬಿಡಪಾ, ಹಗಲಿಗೇ ಹಾಕ್ಯಾರ," ಎಂದ. ಅವನು ಬಲಗಡೆ ಇದ್ದದ್ದು ನನ್ನ ಹಣೆಬರಹ. ಎಡಗಡೆ ಇದ್ದಿದ್ದರೆ ಕೇಳುತ್ತಿರಲಿಲ್ಲ. ನಾನು ನಿಂತು, ತಲೆಯ ಸೆರಗು ಸರಿಸಿ, ಹೊಲಿಗೆಯ ಗುರುತು ತೋರಿಸಿದೆ. "ಬಾಟ್ಲಿ ಇಲ್ಲೆ ಒಡದಾರಪಾ," ಎಂದೆ. ಅವನು ಎದ್ದುಹೋದ. ಅರ್ಧ ಬಾಯಿಂದಲೂ ಬೈಯಬಹುದೆಂದು ಅವತ್ತು ಗೊತ್ತಾಗಿ ಒಂದಿಷ್ಟು ಜೀವ ಬಂತು.

ನಾಲ್ಕು ತಿಂಗಳಿಗೆ ಕಂಪನಿಯ ಮಾಲಕರು ನೋಡಲು ಬಂದರು. ಕೆಟ್ಟ ಮನುಷ್ಯರಲ್ಲ. ಚಹಾ ಕುಡಿದು, ನನ್ನ ಮುಖವನ್ನು ಅತ್ತಿತ್ತ ನೋಡಿ, "ಗಿರಿಜಾಬಾಯಿ, ಚಿಂತಿ ಮಾಡಬ್ಯಾಡ. ನಿನಗಂತನ ಒಂದು ಪಾತ್ರ ಬರಸ್ತೇನಿ. ಮಾಟಗಾತಿ. ಮೇಕಪ್ಪೂ ಬೇಕಾಗಿಲ್ಲ ನೋಡು, ಜನಾ ಹೆದರಿ ಸಾಯ್ತಾರ," ಎಂದರು. ಅವರಿಗೆ ಅದು ಉಪಕಾರ.

"ನಾ ಬಂದ್ರ ಹಾಡಾಕ ಬರತೇನ್ರಿ," ಎಂದೆ. "ಹಾಡಿಲ್ಲಂದ್ರ ಮನ್ಯಾಗ ರೊಟ್ಟಿ ಬಡಕೊಂಡು ಇರತೇನಿ. ನನ್ನ ಮಾರಿ ತೋರ್ಸಿ ಮಂದೀನ್ನ ಹೆದರ್ಸೂ ಧಂದೆ ಮಾಡೂದಿಲ್ಲ."

"ಹಾಡಾಕ ಆಗತೈತೇನು?"

ಅವರು ಹೋದ ಮೇಲೆ ಸುಧಾಳ ಫೋನಿನಲ್ಲಿ ತಂಬೂರಿ ಹಚ್ಚಿ, ಕರಿ ನಾಲ್ಕಕ್ಕೆ ಸಾ ಹಿಡಿದೆ. ಒಳಗಿನ ಸ್ವರ ಹೊರಗಿನದಕ್ಕೆ ಡಿಕ್ಕಿ ಹೊಡೆಯಿತು. ಎರಡೂ ತಲೆಯೊಳಗೆ ತಿಕ್ಕಾಡಿ ನಡುಗತೊಡಗಿದವು. ಮೂರು ಸಲ ಹಿಡಿದೆ, ಮೂರೂ ಸಲ ಸುರ ಇಳಿಯಿತು. ಈ ಸಲ ಇಳಿದದ್ದು ನನಗೇ ಗೊತ್ತಾಯಿತು. ಎದ್ದು ಹೋಗಿ ಬಚ್ಚಲಲ್ಲಿ ವಾಂತಿ ಮಾಡಿಕೊಂಡೆ. ಇನ್ನು ಹಾಡಿಲ್ಲ ಎಂದು ಅಲ್ಲೇ ಗೋಡೆಗೆ ಒರಗಿ ನನಗೆ ನಾನೇ ಹೇಳಿಕೊಂಡೆ. ಸತ್ತವರ ಮನೆಯಲ್ಲಿ ಕೂತಂತೆ ಹದಿನೈದು ದಿನ ಕೂತೆ.

ಹಾಡು ಹೋದರೆ ಹೋಗಲಿ, ಮಾಸ್ತರರ ಮುಂದೆ ತಪ್ಪೊಪ್ಪಿಕೊಳ್ಳುವುದೊಂದು ಬಾಕಿಯಿತ್ತು. ಅದನ್ನಾದರೂ ಮುಗಿಸೋಣವೆಂದು ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಹೋದೆ. ಮಾಸ್ತರರು ಇರುವುದು ಮಾಳಮಡ್ಡಿಯಲ್ಲಿ, ಒಂದು ಹಳೆಯ ಮನೆಯ ಹಿತ್ತಲ ಕೋಣೆ. ಕಂಪನಿಗೆ ಮಳೆಗಾಲದ ರಜೆ, ಪೇಟಿಯೂ ಅಲ್ಲೇ ಇತ್ತು. ನನ್ನ ಮುಖ ಕಂಡು ಅವರು ಕಣ್ಣು ತಗ್ಗಿಸಲಿಲ್ಲ, ಹೆಚ್ಚಾಗಿ ನೋಡಲೂ ಇಲ್ಲ. "ಬಾ ಗಿರಿಜವ್ವಾ," ಎಂದು ಚಾಪೆ ಹಾಸಿದರು.

"ಮಾಸ್ತರ್ರ, ಪೇಟಿ ಕೂಗಿರ್ಲಿಲ್ರಿ," ಎಂದೆ. ಅಷ್ಟಕ್ಕೇ ಅತ್ತುಬಿಟ್ಟೆ.

ಅವರು ನಾನು ಅಳುವುದು ಮುಗಿಯುವ ತನಕ ಕಾದರು. ಆಮೇಲೆ, "ಈಗೂ ಐತೇನು?" ಎಂದರು.

"ಐತ್ರಿ."

"ಹಂಗಾರ ಅದನ್ನ ಅಂದು ತೋರ್ಸು."

ಇಷ್ಟು ಡಾಕ್ಟರರ ಪೈಕಿ ಯಾರೂ ನನ್ನನ್ನು ಈ ಮಾತು ಕೇಳಿರಲಿಲ್ಲ. ನಾನು ಬಾಯಿ ಮುಚ್ಚಿ, ಒಳಗೆ ಕೇಳುವುದನ್ನು ಹಾಗೆಯೇ ಗುನುಗಿದೆ. ಅವರು ಪೇಟಿಯ ಮೇಲೆ ಬೆರಳಾಡಿಸಿ ಹುಡುಕಿದರು. ಬಿಳಿ ಐದಕ್ಕಿಂತ ಮೇಲೆ, ಕರಿ ನಾಲ್ಕಕ್ಕಿಂತ ಕೆಳಗೆ. ಅವೆರಡರ ನಡುವೆ ಪೇಟಿಯಲ್ಲಿ ಯಾವ ಪಟ್ಟಿಯೂ ಇಲ್ಲ. ಅವರು ಎರಡನ್ನೂ ಒತ್ತಿ ಒತ್ತಿ ನೋಡಿದರು. ಗಡ್ಡ ನೀವಿಕೊಂಡರು.

"ಅದು ನಿನ್ನ ಕಡೆ ಬರೂದಿಲ್ಲ," ಎಂದರು. "ನಾವ ಅದರ ಕಡೆ ಹೋಗೂಣು."

ಎದ್ದು ಪೆಟ್ಟಿಗೆಯಿಂದ ಲೋಹ ಉಜ್ಜುವ ಸಣ್ಣ ಅರ ತೆಗೆದರು. ಏನು ಮಾಡಲು ಹೊರಟಿದ್ದಾರೆಂದು ತಿಳಿದಾಗ ನಾನು ಅವರ ಕೈ ಹಿಡಿದೆ. ಹಿತ್ತಾಳೆಯ ನಾಲಿಗೆಯನ್ನು ಬುಡದಲ್ಲಿ ಕೆರೆದರೆ ಸ್ವರ ಇಳಿಯುತ್ತದೆ. ಆದರೆ ಕೆರೆದ ಹಿತ್ತಾಳೆ ಮತ್ತೆ ಹುಟ್ಟುವುದಿಲ್ಲ. ಅದು ಅವರ ಅಪ್ಪ ಬಾರಿಸಿದ ಪೇಟಿ. ನಲವತ್ತು ಪಟ್ಟಿಗಳ ನಾಲಿಗೆಗಳನ್ನೆಲ್ಲ ಒಂದೊಂದಾಗಿ ಕೆರೆದು, ಒಬ್ಬ ರೋಗಿಯ ಕಿವಿಗೆ ಕೂಡಿಸುವುದೆಂದರೇನು?

"ಬ್ಯಾಡ್ರಿ ಮಾಸ್ತರ್ರ. ನಿಮ್ಮಪ್ಪನ ಪೇಟಿ ಐತಿ."

"ಮೂರು ಸರ್ತಿ ಬಿಚ್ಚಿಸೀದಿ, ಆವಾಗ ನಮ್ಮಪ್ಪ ನೆನಪಾಗ್ಲಿಲ್ಲೇನು?" ಎಂದು ನಕ್ಕರು. "ಕೈ ಬಿಡು. ಪೇಟಿ ಇರೂದು ಹಾಡಾವ್ರ ಸಲುವಾಗಿ."

ಹನ್ನೊಂದು ದಿನ ಹಿಡಿಯಿತು. ದಿನಾ ಮುಂಜಾನೆ ನಾನು ಹೋಗಿ ಕೂರುತ್ತಿದ್ದೆ. ಅವರು "ಐತೇನು?" ಎನ್ನುವುದು, ನಾನು "ಐತ್ರಿ" ಎಂದು ಗುನುಗುವುದು, ಅವರು ಒಂದೆರಡು ಸಲ ಕೆರೆದು, ಊದಿ, ಮತ್ತೆ ಕೂರಿಸಿ ಬಾರಿಸುವುದು. ತೊಲಗಲೆಂದು ಎಷ್ಟು ದೇವರಿಗೆ ಹರಕೆ ಹೊತ್ತಿದ್ದೆನೋ ಆ ಸ್ವರ, ಈಗ ಎಲ್ಲಿ ಅಲುಗಾಡಿಬಿಡುತ್ತದೋ ಎಂದು ಹೆದರುತ್ತ ಬಸ್ಸಿನಲ್ಲಿ ಬರುತ್ತಿದ್ದೆ. ಅದು ಅಲುಗಾಡಲಿಲ್ಲ.

ಹನ್ನೊಂದನೆಯ ದಿನ ಅವರು ಸಾ ಒತ್ತಿದರು. ನನ್ನ ತಲೆಯೊಳಗೆ ಎಲ್ಲವೂ ನಿಂತುಬಿಟ್ಟಿತು. ಸ್ವರ ಪೇಟಿಯೊಳಗೆ ಸೇರಿಹೋಗಿ, ಒಳಗಿನದು ಯಾವುದು ಹೊರಗಿನದು ಯಾವುದು ತಿಳಿಯದಾಯಿತು. ಒಂದೂವರೆ ವರ್ಷದಲ್ಲಿ ಮೊದಲ ಸಲ ನನ್ನ ತಲೆಯಲ್ಲಿ ನಾನೊಬ್ಬಳೇ ಇದ್ದೆ. ಬಾಯಿ ತೆರೆದೆ, ಹಾಡು ಬಂತು. ಎಡಗಣ್ಣಿನಲ್ಲಿ ನೀರು ಬತ್ತಿಹೋಗಿತ್ತು, ಬಲಗಣ್ಣೊಂದೇ ಅತ್ತಿತು. ಮಾಸ್ತರರು ಎರಡರಿಂದಲೂ ಅತ್ತರು.

ಮಾಲಕರಿಗೆ ಇದ್ಯಾವುದನ್ನೂ ಹೇಳಲಿಲ್ಲ, ಹಾಡಲು ಬರುತ್ತೇನೆ ಎಂದಷ್ಟೇ ಹೇಳಿ ಕಳಿಸಿದೆ. ಧಾರವಾಡದ ಕ್ಯಾಂಪ್ ಶುರುವಾಯಿತು. ತಬಲಾದವನು ಪೇಟಿ ಕೇಳಿ ತಬಲಾ ಇಳಿಸಿಕೊಂಡ, ಉಳಿದ ನಟನಟಿಯರು ಪೇಟಿ ಹೇಳಿದಲ್ಲಿಂದ ಹಾಡು ಎತ್ತಿದರು. ಒಬ್ಬರಿಗೂ ಫರಕು ತಿಳಿಯಲಿಲ್ಲ. ರಂಗದ ಪಕ್ಕ ನಿಂತು ಕೇಳುವಾಗ ಒಮ್ಮೊಮ್ಮೆ ನನಗೆ ಹೊಳೆಯುತ್ತಿತ್ತು: ರಾಜನೂ ರಾಣಿಯೂ ಹಾಸ್ಯದವನೂ, ಇಡೀ ಕಂಪನಿ ನನ್ನ ರೋಗದ ಸುರದಲ್ಲಿ ಹಾಡುತ್ತಿತ್ತು.

ನನ್ನ ಆಟ ಒಂದು ಭಾನುವಾರ ಮಧ್ಯಾಹ್ನ. ತಾಯಿಯ ಪಾತ್ರ. ಸೆರಗನ್ನು ಎಡಗಡೆ ಇಳಿಬಿಟ್ಟು ಮುಖದ ಅರ್ಧ ಮರೆಮಾಡಿದ್ದೆ. "ಹಾಡು ಕೆಟ್ರ ನಾಳಿಂದ ಮಾಟಗಾತಿ, ಮಾತು ಅಂದ್ರ ಮಾತು," ಎಂದು ಮಾಲಕರು ಮೊದಲೇ ಹೇಳಿದ್ದರು. ಮಾಸ್ತರರು ಪೇಟಿಯನ್ನು ಎಂದಿನ ಜಾಗ ಬಿಡಿಸಿ ನನ್ನ ಬಲಕ್ಕೆ, ಮುಂದೆ ಇಡಿಸಿಕೊಂಡಿದ್ದರು. ಪೇಟಿಯ ಜಾಗ ಬದಲಿಸಿದರೆ ಕಂಪನಿಗೆ ಕೇಡೆಂದು ಯಾರೋ ಗೊಣಗಿದರು. "ಕೇಡಿದ್ರ ನನಗ ಇರಲಿ," ಎಂದರಂತೆ.

ಕೊನೆಯ ಅಂಕದಲ್ಲಿ ಸತ್ತ ಮಗನನ್ನು ನೆನೆದು ತಾಯಿ ಹಾಡುವ ಹಾಡು. ಕಡೆಯ ಸಾಲು ಮೇಲಿನ ಸಾ ಸ್ವರಕ್ಕೆ ಹೋಗಿ ನಿಲ್ಲುತ್ತದೆ. ಪೇಟಿ ಬಿಡುವ ಮೊದಲು ಹಾಡುವವರು ಸ್ವರ ಬಿಡಬಾರದು, ಇದು ನಮ್ಮ ಕಂಪನಿಯ ಕಟ್ಟು. ಬಿಟ್ಟರೆ ಉಸಿರಿಲ್ಲದವಳು ಎಂದರ್ಥ. ನಾನು ಕಣ್ಣು ಮುಚ್ಚಿ, ಮುಚ್ಚದ ಎಡಗಣ್ಣನ್ನು ಸೆರಗಿನೊಳಗೆ ಬಿಟ್ಟು, ಆ ಸಾ ಹಿಡಿದೆ. ಪೇಟಿ ನುಡಿಯುತ್ತಲೇ ಇತ್ತು. ಉಸಿರು ಮುಗಿಯಿತು. ಪೇಟಿ ನಿಲ್ಲಲಿಲ್ಲ. ಇವತ್ತು ನನ್ನ ಪರೀಕ್ಷೆ ಮಾಡುತ್ತಿದ್ದಾರೆ ಮುದುಕ, ಎಂದುಕೊಂಡು ಮತ್ತೊಂದು ಉಸಿರು ಎಳೆದು ಮತ್ತೆ ಹಿಡಿದೆ. ಅದೂ ಮುಗಿಯಿತು, ಮೂರನೆಯದು ಎಳೆದೆ. ಎದೆ ಒಡೆಯುತ್ತಿತ್ತು. ಆಗ ಪರದೆ ಬಿದ್ದ ಗಾಳಿ ಮುಖಕ್ಕೆ ತಾಗಿತು. ಆಚೆ ಜನ ಶಿಳ್ಳೆ ಹೊಡೆದು "ಒನ್ಸ್ ಮೋರ್" ಎಂದು ಒದರುತ್ತಿದ್ದರು. ಮಾಲಕರು ಓಡಿಬಂದು ಕೈಮುಗಿದರು. ಮಾಟಗಾತಿಯ ಮಾತು ಅಲ್ಲಿಗೆ ಮುಗಿಯಿತು.

"ಎಷ್ಟ್ ಉದ್ದ ಹಿಡದ್ರಿ ಮಾಸ್ತರ್ರ, ನನ್ನ ಜೀವಾನ ತಗೀತಿದ್ರಿ," ಎಂದು ಹೋಗಿ ಜಗಳಾಡಿದೆ, ಖುಷಿಯಿಂದ.

"ಕೈ ಬಿಡಾಕ ಮನಸ ಬರಲಿಲ್ಲವಾ," ಎಂದರು.

ಸಂಜೆ ಬಸ್ಸಿನಲ್ಲಿ ನಮ್ಮ ಮನೆಯವರು ನನ್ನ ಬಲಕ್ಕೆ ಕೂತಿದ್ದರು. ನವಲೂರು ದಾಟಿದ ಮೇಲೆ ಹೇಳಿದರು. "ಮಾಸ್ತರ ಮೊದಲನೇ ಉಸಿರಿಗೇ ಕೈ ಎತ್ತಿದ್ರು. ಪೇಟಿ ನಿಂತಿತ್ತು. ನೀ ನಿಲ್ಲಲಿಲ್ಲ."

"ಮತ್ತ?"

"ನಾ ಹಗ್ಗಾ ಹಿಡಕೊಂಡು ಅವ್ರ ಮಾರಿ ನೋಡಿದೆ. ಎಳೀಬ್ಯಾಡ ಅಂತ ಸನ್ನಿ ಮಾಡಿದ್ರು. ಎರಡನೇ ಉಸಿರು ಪೂರಾ ನೀ ಒಬ್ಬಾಕೆನ ಹಾಡೀದಿ. ಟೆಂಟಿನ್ಯಾಗ ಬ್ಯಾರೆ ಸಪ್ಪಳ ಇಲ್ಲ. ಮೂರನೇದಕ್ಕ ಅವ್ರು ಮತ್ತ ಕೈ ಇಟ್ರು."

ನಾನು ಅವರ ಕೈ ಹಿಡಿದೆ. "ಸುರ ಇಳದಿತ್ತೇನು?"

"ಇಲ್ಲ. ಅವ್ರು ಕೈ ಇಟ್ಟಾಗ ಕೂದಲೆಳಿ ಸೈತ ಫರಕ ಇರಲಿಲ್ಲ."

ಹಾಗಾದರೆ ಆ ಒಂದು ಉಸಿರಿನಷ್ಟು ಹೊತ್ತು ನನಗೆ ಪೇಟಿ ಬಾರಿಸಿದ್ದು ಯಾರು? ಎಲ್ಲರೂ ಚಪ್ಪಾಳೆ ತಟ್ಟಿದ್ದು ಆ ಉಸಿರಿಗೆ. ಗೋಪನಕೊಪ್ಪ ಬರುವ ತನಕ ನಾನು ನಮ್ಮ ಮನೆಯವರ ಕೈ ಬಿಡಲಿಲ್ಲ, ಹೆದರಿಕೆಯಾಗಿತ್ತು.

ಮರುದಿನ ಮಾಸ್ತರರ ಮುಂದೆ ಹೋಗಿ ನಿಂತೆ. "ನನ್ನ ಮುಂದ ಸುಳ್ಳ ಯಾಕ ಹೇಳಿದ್ರಿ?"

ಅವರು ಪೇಟಿ ಒರೆಸುವುದನ್ನು ನಿಲ್ಲಿಸಲಿಲ್ಲ. "ಅಂಜಬ್ಯಾಡ. ನಾ ಹ್ವಾದ ಮ್ಯಾಲ ನಿನಗ ಯಾರು ಬಾರಸ್ತಾರ ಅಂತ ಭಾಳ ಚಿಂತಿ ಇತ್ತು ನನಗ. ನಿನ್ನೆ ನನ್ನ ಕಿವಿಯಿಂದ ಕೇಳಿದೆ. ಇನ್ನ ಚಿಂತಿಲ್ಲ."

"ಬಿಡ್ತು ಅನ್ರಿ!"

"ಬಿಡ್ತವಾ, ಬಿಡ್ತು," ಎಂದು ನಕ್ಕರು.

ಈ ರೋಗ ಬಂದವರು ಯಾರಾದರೂ ಓದುತ್ತಿದ್ದರೆ, ಸದ್ದು ನಿಲ್ಲುತ್ತದೆಯೇ ಎಂದು ನನ್ನನ್ನು ಕೇಳಬೇಡಿ. ನನ್ನದು ನಿಂತಿಲ್ಲ. ಮುಖ ಮುಕ್ಕಾಲು ಬಂದಿದೆ, ನಗುತ್ತೇನೆ, ನಮ್ಮ ಮನೆಯವರು ನೋಡುತ್ತಾರೆ. ವಾರಕ್ಕೆ ನಾಲ್ಕು ಆಟ ಹಾಡುತ್ತೇನೆ. ಮಾಸ್ತರರಿಗೆ ಈಗ ಕಾಲು ನೋವು, ಆಟದ ನಡುವೆ ಕೆಮ್ಮುತ್ತಾರೆ. ಕಡೆಯ ಸಾ ಬಂದಾಗ ನಾನು ಕಣ್ಣು ಮುಚ್ಚುವುದನ್ನು ಬಿಟ್ಟಿದ್ದೇನೆ. ಕಿವಿಗೆ ಪೇಟಿ ಕೇಳುತ್ತಲೇ ಇರುತ್ತದೆ, ಅದನ್ನು ನಂಬುವುದಿಲ್ಲ. ಬಗ್ಗಿ ಅವರ ಕೈ ನೋಡುತ್ತೇನೆ. ಪಟ್ಟಿಯ ಮೇಲೆ ಇವೆ, ಆ ಎರಡು ಮುದಿ ಕೈ. ಇವೆ ಎಂದು ಖಾತ್ರಿಯಾದ ಮೇಲೆಯೇ ಉಸಿರು ಎಳೆದುಕೊಳ್ಳುತ್ತೇನೆ.